ಹನ್ನೆರಡರ ಲೆಕ್ಕ

ಧಾರವಾಡ

ಚಿ. ಸೌ. ಗಂಗಾಗ ದೊಡ್ಡವ್ವನ ಆಶೀರ್ವಾದ.

ಮನಿ ಸುದ್ದಿ ನಿಮ್ಮವ್ವ ಫೋನಿನ್ಯಾಗ ಹೇಳ್ಯಾಳ, ಅದನ್ನ ಬಿಡ್ತೀನಿ. ನೀ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆದ ಮ್ಯಾಲ ಬರದ ಪತ್ರದ ಕಡೀ ಸಾಲು ನನಗ ನಿದ್ದಿ ಮಾಡಗೊಟ್ಟಿಲ್ಲ. "ನಾನೇ ಕುರ್ಚಿ ಮ್ಯಾಲ ಕುಂತ್ರ ಅವಿಶ್ವಾಸ ತಂದು ಇಳಸ್ತಾರಂತ, ಸಭೆಗೆ ಇವರನ್ನ ಕಳಸಲೇನು" ಅಂತ ಗಂಡನ್ನ ಕಳಸೂ ಮಾತು ಬರದೀಯಲ್ಲ, ಅದು.

ಮೊದಲ ಎಣಸು. ನಿಮ್ಮ ಪಂಚಾಯ್ತಿ ಸದಸ್ಯರು 17. ಅವಿಶ್ವಾಸದ ನೋಟಿಸಿಗೆ ಅರ್ಧಕ್ಕ ಕಡಿಮಿ ಆಗದಂಗ ಸಹಿ ಬೇಕು, ಅಂದ್ರ 9. ಠರಾವು ಪಾಸಾಗಾಕ ಮೂರರಾಗ ಎರಡು ಪಾಲು, ಅಂದ್ರ 12. ಆ ಎರಡು ಪಾಲು ಸಭೆಗೆ ಬಂದವರ ಲೆಕ್ಕ ಅಲ್ಲ, ಒಟ್ಟು ಸದಸ್ಯರ ಲೆಕ್ಕ. ಈ ಉಸಾಬರಿ ಬ್ಯಾಡಂತ ಮನ್ಯಾಗ ಕುಂತಾಕಿನೂ ನಿನ್ನ ಕಡೀಗೇ ಬಿದ್ದಂಗ. ನೀ ಒಬ್ಬಾಕಿ, ಇನ್ನೂ ಐದು ಮಂದಿ ಅಲ್ಲಾಡದ ನಿಂತ್ರ ಅವರದು 11ಕ್ಕ ನಿಲ್ಲತೈತಿ. 9 ಸಹಿ ಕಂಡ ಕೂಡ್ಲೇ ಎದಿ ಒಡದು ರಾಜೀನಾಮೆ ಕೊಟ್ಟವರೇ ಭಾಳ. 9ಕ್ಕೂ 12ಕ್ಕೂ ನಡುವಿನ ಆ ಮೂರು ಮಂದಿನ ನನ್ನ ಕಾಲಕ್ಕ ನಾನೂ ಎಣಸಲಿಲ್ಲ. ಹೋಗ್ಲಿ ಬಿಡು.

ಐದು ಮಂದಿ ಎಲ್ಲಿಂದ ತರಲಿ ಅಂತೀ. ಅರ್ಧದಷ್ಟು ಸೀಟು ಹೆಣ್ಮಕ್ಕಳವು ಅಲ್ಲೇನು? ಅವರ ಗಂಡಂದಿರ ಜೋಡಿ ಕಟ್ಟಿ ಮ್ಯಾಲ ಮಾತಾಡಬ್ಯಾಡ, ಅವರ ಅಡಗಿಮನಿಗೆ ಹೋಗು. ವಾರ್ಡಿನ ನಳ, ಗಟಾರ, ಬೀದಿದೀಪ ಯಾವುದರೆ ಒಂದು ಕೆಲಸ ಹಿಡದು, ನಡಾವಳಿಯೊಳಗ "ಸೂಚಕರು" ಅನ್ನೂ ಜಾಗಾದಾಗ ಆಕಿ ಹೆಸರೇ ಬರಸು. ತನ್ನ ಹೆಸರಿನ ಠರಾವು ಓದಿ ಕೇಳಿದಾಕಿ ನಾಳೆ ಯಾರರ ಕಾಗದ ತಂದ್ರ ಸಹಿ ಹಾಕೂ ಮುಂದ ಒಂದು ಸಲ ತಡೀತಾಳ.

ಮತ್ತ ಅದೇ ಮಾತಿಗೆ ಬರ್ತೀನಿ. ಹಾದ್ಯಾಗ ನಿಂತು "ಇಳಸ್ತೀವಿ" ಅಂತ ಒದರಿದ್ರ ಅದು ಅವಿಶ್ವಾಸ ಅಲ್ಲ. ನೋಟಿಸು ಗದಗಿನ ಎಸಿ ಸಾಹೇಬರ, ಅಂದ್ರ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕು, ಮೊದಲ ತಿಳುವಳಿಕಿ ಕೊಟ್ಟು ಅದಕ್ಕಂತ ಸಭೆ ಕರೀಬೇಕು. ಹೊಸದಾಗಿ ಕುಂತಾಕಿ ಮ್ಯಾಲ ಕೂಡ್ಲೇ ತರಾಕ ಕಾಯ್ದೆ ಬಿಡೂದೂ ಇಲ್ಲ. ನಿನ್ನ ಅವಧಿ 30 ತಿಂಗಳು. ಅದರಾಗ ಅಳಿಯಂದಿರನ್ನ ಕುರ್ಚಿ ಮ್ಯಾಲ ಕುಂದರಿಸಿದ್ರ ಅಂವಗ ಏನೂ ಆಗೂದಿಲ್ಲ, "ಅಧ್ಯಕ್ಷೆ ಸಭೆ ನಡಸೂದಿಲ್ಲ" ಅನ್ನೂ ದೂರು ನಿನ್ನ ಹೆಸರಿಗೇ. ಫೋನಿನ್ಯಾಗ ತಗದ ಒಂದು ಫೋಟೋ ಸಾಕು ಅವರಿಗೆ. ಅಂವ ಒಳ್ಳೆಯಂವ, ನನಗ ಗೊತ್ತೈತಿ, ಸಿಟ್ಟಾಗಬ್ಯಾಡ.

ಇನ್ನ ಸಣ್ಣ ಮಾತು. ನಡಾವಳಿ ಪುಸ್ತಕದಾಗ ಎರಡು ಠರಾವಿನ ನಡುವ ನಾಕು ಬಟ್ಟು ಖಾಲಿ ಬಿಟ್ಟಿದ್ರ, ಸಹಿಗಿಂತ ಮೊದಲ ಅಡ್ಡಗೀಟು ಎಳಿ. ಆಮ್ಯಾಲ ಅಲ್ಲೇ ಒಂದು ಬಿಲ್ಲು ತುರಕತಾರ. ಡಿಜಿಟಲ್ ಸಹಿಯ ಡಾಂಗಲ್, ಆ ಪೆನ್ ಡ್ರೈವಿನಂಥಾದ್ದು, ಕಂಪ್ಯೂಟರ್ ಹುಡುಗನ ಡ್ರಾದಾಗ ಇರಬಾರದು, ಪಿನ್ ನಂಬರ್ ಗೋಡಿ ಮ್ಯಾಲ ಬರದಿರಬಾರದು. ರೊಕ್ಕ ಹೋಗೂದು ನಿನ್ನ ಸಹಿ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ ಎರಡೂ ಕೂಡಿದ ಮ್ಯಾಲ. ಕೆಲಸ ಆಗದ ಬಿಲ್ಲು ಹೋದ್ರ ವಸೂಲಿ ನೋಟಿಸು ಬರೂದೂ ಆ ಎರಡು ಹೆಸರಿಗೇ. ಇದೆಲ್ಲಾ ನಿನಗ ಗೊತ್ತೇ ಇರಬಹುದು, ಮುದುಕಿ ಬಾಯಿ ಸುಮ್ಮನಿರೂದಿಲ್ಲ.

ಇದೇ ಧಾರವಾಡ ಉತ್ತರದಿಂದ 1962ರಾಗ ಸರೋಜಿನಿ ಮಹಿಷಿಯವರು ಲೋಕಸಭೆಗೆ ಹೋದ್ರು, ನಾಕು ಸಲ ಗೆದ್ರು. ಆದ್ರ 2023ರಾಗ ವಿಧಾನಸಭೆಗೆ ಗೆದ್ದ ಹೆಣ್ಮಕ್ಕಳು 224ಕ್ಕ 10 ಮಂದಿ. ಮುಖ್ಯಮಂತ್ರಿ ಕುರ್ಚಿ ಮ್ಯಾಲ ಒಬ್ಬಾಕಿನೂ ಕುಂತಿಲ್ಲ. ಕೆಳಗ ಮೀಸಲಾತಿ ಐತಿ, ಮ್ಯಾಲಿಂದು ಟಿಕೀಟು ಹಂಚೋರ ಕೈಯಾಗ. ಮುಂದ ನೀ ಮ್ಯಾಲಿನ ಚುನಾವಣಿಗೆ ನಿಂದರ್ತೀನಿ ಅಂದಾಗ ಅವರು "ಪಂಚಾಯ್ತಿ ನಡಿಸಿದವರು ಯಾರು" ಅಂತ ಕೇಳತಾರ. ಊರವರು ಗಂಡನ ಹೆಸರು ಹೇಳಿದ್ರ ಟಿಕೀಟು ಅಂವಗೇ.

ಒಂದು ನನ್ನ ಮನಸಿನ್ಯಾಗ ಕೊರೀತೈತಿ. ಆಯ್ಕೆಯಾದ ದಿನ ಗುಡಿಯೊಳಗ ಆಣಿ ಮಾಡಿಸಿ, ತಾರೀಖು ಹಾಕದ ರಾಜೀನಾಮೆ ಹಾಳಿ ಮ್ಯಾಲ ಸಹಿ ತಗೋತಾರ. ಅಂಥಾದ್ದೇನರ ಕೊಟ್ಟೀಯೇನು? ಕೊಟ್ಟಿದ್ರ, ಅದು ನನ್ನ ಇಚ್ಛಾದಿಂದ ಕೊಟ್ಟಿದ್ದಲ್ಲ ಅಂತ ಎಸಿ ಕಚೇರಿಗೆ ಇವತ್ತೇ ಬರದು ಕೊಡು, ಪ್ರತಿ ಮ್ಯಾಲ ಸ್ವೀಕೃತಿ ಶಿಕ್ಕಾ ಹಾಕಿಸ್ಕೊ. ಪತ್ರ ಬರಕೋತ ಕುಂದರಬ್ಯಾಡ, ಇದು ಮುಟ್ಟಿದ ಕೂಡ್ಲೇ ಫೋನ್ ಹಚ್ಚು.

ನಿನ್ನ ದೊಡ್ಡವ್ವ