ಹಂದಿ ಬದುಕಿದರೂ ನಷ್ಟ ತಪ್ಪಲಿಲ್ಲ

ಮಾನ್ಯ ಸಂಪಾದಕರೇ,

ಹಂದಿ ಜ್ವರದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಹಂದಿಗಳ ಕೆಮ್ಮಿನ ಬಗ್ಗೆ ನಾನು ಒಮ್ಮೆಯೂ ಓದಿಲ್ಲ. ಅದಕ್ಕೇ ಈ ಪತ್ರ.

ಸೋಮವಾರಪೇಟೆ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ. ಜೊತೆಗೆ ಹಂದಿ ಸಾಕುತ್ತೇವೆ. ಕಳೆದ ಏಪ್ರಿಲ್‌ನಲ್ಲಿ ಮೂರು ಕಡೆಯಿಂದ ಎರಡು ತಿಂಗಳ 40 ಮರಿ ತಂದೆವು. ಸೆಪ್ಟೆಂಬರ್ ಮೊದಲ ವಾರ ಕೊಡವರ ಕೈಲ್ ಮುಹೂರ್ತ ಹಬ್ಬಕ್ಕೆ ಮಾರುವ ಲೆಕ್ಕ. ಆ ಹೊತ್ತಿಗೆ ಕೊಡಗಿನಲ್ಲಿ ಹಂದಿ ಮಾಂಸಕ್ಕೆ ಎಷ್ಟು ಬೇಡಿಕೆ ಅಂತ ಎಲ್ಲರಿಗೂ ಗೊತ್ತಲ್ವಾ.

ಜುಲೈನಲ್ಲಿ ಇರಚಲು ಹೊಡೆಯದ ಹಾಗೆ ಗೂಡಿನ ಸುತ್ತ ಟಾರ್ಪಾಲ್ ಬಿಗಿದೆ. ಕೆಲವೇ ದಿನ, ಬೆಳಿಗ್ಗೆ ಎಬ್ಬಿಸಿದರೆ ಸಾಕು, ಒಂದಾದ ಮೇಲೊಂದಕ್ಕೆ ಒಣ ಕೆಮ್ಮು. ತಿನ್ನುವುದು ಬಿಟ್ಟಿರಲಿಲ್ಲ. ಮಳೆಗೆ ಸುಮ್ನೆ ಶೀತ ಅಂದುಕೊಂಡೆ. ಆಮೇಲೆ ಎರಡು ಹಂದಿ ನಾಯಿಯ ಹಾಗೆ ಮುಂಗಾಲು ಊರಿ ಕೂತು, ಪಕ್ಕೆ ಬಡಿದುಕೊಂಡು ಉಸಿರೆಳೆಯತೊಡಗಿದವು. ಎರಡೂ ಸತ್ತವು. ಡಾಕ್ಟರು ಕೊಯ್ದು ತೋರಿಸಿದರು. ಶ್ವಾಸಕೋಶದ ಮುಂಭಾಗ ಕಲೇಜಿಯ ಹಾಗೆ ಗಟ್ಟಿಯಾಗಿ ಕಪ್ಪುಗೆಂಪಾಗಿತ್ತು. ಶ್ವಾಸಕೋಶಕ್ಕೆ ತಗಲುವ ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಖಚಿತವಾಗಬೇಕಾದರೆ ಲ್ಯಾಬ್‌ಗೆ ಕಳಿಸಬೇಕು ಅಂದರು. ‘ಹಂದಿ ಮೂತಿಯ ಮಟ್ಟಕ್ಕೆ ಬಗ್ಗಿ ನೋಡಿ’ ಅಂದರು. ಕುಕ್ಕರುಗಾಲಲ್ಲಿ ಕೂತೆ. ಮೂತ್ರದ ಘಾಟಿಗೆ ಕಣ್ಣು ಉರಿಯಿತು. ದಿನಾ ನಿಂತೇ ಮೇವು ಹಾಕುತ್ತಿದ್ದ ನನಗೆ ಅದು ತಿಳಿದೇ ಇರಲಿಲ್ಲ. ಗಾಳಿಯಾಡಲಿ ಅಂತ ಟಾರ್ಪಾಲ್ ಅವತ್ತೇ ಅರ್ಧ ಎತ್ತಿ ಕಟ್ಟಿದೆ.

ಔಷಧಿಗೆ ಉಳಿದ 38 ಬದುಕಿದವು, ತೂಕ ಮಾತ್ರ ಏರಲಿಲ್ಲ. ಹಬ್ಬದ ಹೊತ್ತಿಗೆ 95 ಕಿಲೋ ಆಗಬೇಕಿದ್ದವು 70 ದಾಟಲಿಲ್ಲ. 45 ದಿನ ಜಾಸ್ತಿ ಸಾಕಬೇಕಾಯಿತು. ದಿನಕ್ಕೆ ಒಂದಕ್ಕೆ ಎರಡೂವರೆ ಕಿಲೋ ಫೀಡ್, ಕಿಲೋಗೆ 30 ರೂಪಾಯಿ. ಒಂದು ಹಂದಿಗೆ 3,375, 38ಕ್ಕೆ 1,28,250 ರೂಪಾಯಿ. ಹಬ್ಬದ ದರ ಕೈತಪ್ಪಿದ್ದು ಬೇರೆ. ಸತ್ತ ಎರಡಕ್ಕೆ ವಿಮೆ ಬಂತು. ಬದುಕಿದವು ತಂದ ನಷ್ಟ ಯಾವ ಫಾರಂನಲ್ಲೂ ಬರೆಯಲು ಜಾಗವಿಲ್ಲ.

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಬಂದಾಗಿನಿಂದ ದೇಶವೆಲ್ಲ ಎಚ್ಚರವಾಗಿದೆ. ಆ ರೋಗ ತಡೆಯಲು ಕೊಂದ ಹಂದಿಗೆ ಸರ್ಕಾರದ ಪರಿಹಾರವೂ ಇದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 10 ಗಂಡು ಹಂದಿಗಳ ಘಟಕಕ್ಕೆ 30 ಲಕ್ಷದವರೆಗೆ ಸಬ್ಸಿಡಿ ಸಿಗುತ್ತದೆ. ಒಳ್ಳೆಯದೇ. ಆದರೆ ಸಬ್ಸಿಡಿ ನಂಬಿ ಗೂಡು ಕಟ್ಟಿದ ಹುಡುಗರಿಗೆ ಗಾಳಿ ಹೇಗೆ ಆಡಬೇಕು, ಬೇರೆ ಬೇರೆ ಕಡೆಯ ಮರಿಗಳನ್ನು ಏಕೆ ಒಟ್ಟಿಗೆ ಬಿಡಬಾರದು ಅಂತ ಮೊದಲೇ ಹೇಳಿಕೊಡಬೇಕು. ಕೆಮ್ಮು ಶುರುವಾದಾಗ ಪರೀಕ್ಷೆ ಮಡಿಕೇರಿಯಲ್ಲೇ ಆಗಬೇಕು, ಫಲಿತಾಂಶ ವಾರದೊಳಗೆ ಕೈಗೆ ಬರಬೇಕು. ರೋಗ ಇದೆ ಎಂದು ಪಶುವೈದ್ಯರು ಬರೆದುಕೊಟ್ಟರೆ ಬ್ಯಾಂಕು ಸಾಲದ ಎರಡು ಕಂತಿಗಾದರೂ ಕಾಲಾವಕಾಶ ಕೊಡಬೇಕು. ಮುಂದಿನ ಮಳೆಗಾಲಕ್ಕೆ ಮೊದಲೇ ಪಶುಪಾಲನಾ ಇಲಾಖೆ ಇದರತ್ತ ಗಮನ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

– ಹಂದಿ ಸಾಕಣೆದಾರ, ಸೋಮವಾರಪೇಟೆ ತಾಲ್ಲೂಕು