ಕಂಠೀರವಕ್ಕೆ ನಾಲ್ಕು ದೇಶಗಳನ್ನು ಕರೆಯುವ ಮುನ್ನ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರೇ,

ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಿಯಾದ 2023ರ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಶ್ರೀ ಕಂಠೀರವ ಕ್ರೀಡಾಂಗಣ ಹದಿನಾಲ್ಕೇ ದಿನದಲ್ಲಿ 15 ಪಂದ್ಯ ನಡೆಸಿಕೊಟ್ಟಿತು. ಕುವೈತ್, ಲೆಬನಾನ್ ಆಹ್ವಾನಿತರಾಗಿ ಬಂದಿದ್ದವು. ಅಷ್ಟನ್ನು ತಾಳಿಕೊಂಡ ಊರಿಗೆ ನಾಲ್ಕು ದೇಶಗಳ ಸಣ್ಣ ಟೂರ್ನಿ ಹೊರೆಯಲ್ಲ. ಭಾರತವೇ ಬೇರೆ ದೇಶಗಳನ್ನು ಕರೆದು ಆಡಿಸುವ ಇಂಟರ್‌ಕಾಂಟಿನೆಂಟಲ್ ಕಪ್ ಮುಂಬೈ, ಅಹಮದಾಬಾದ್, ಭುವನೇಶ್ವರ, ಹೈದರಾಬಾದಿಗೆ ಹೋಗಿಬಂತು. ಅಂಥದ್ದೊಂದನ್ನು ಬೆಂಗಳೂರಿಗೂ ಕೇಳಿ ತರಬೇಕು ಎಂಬುದು ನಮ್ಮ ಒತ್ತಾಯ.

ದಿನಾಂಕ ಮೊದಲು ಗಟ್ಟಿಯಾಗಲಿ. ಫಿಫಾ ವಿಂಡೋ, ಅಂದರೆ ದೇಶಗಳ ಪಂದ್ಯಕ್ಕೆಂದು ಫಿಫಾ ಗೊತ್ತುಮಾಡಿದ ದಿನಗಳ ಒಳಗಿದ್ದರಷ್ಟೇ ಕ್ಲಬ್‌ಗಳು ಆಟಗಾರರನ್ನು ಬಿಡಲೇಬೇಕು. ರ‍್ಯಾಂಕಿಂಗ್ ಲೆಕ್ಕದಲ್ಲಿ ಸ್ನೇಹಪಂದ್ಯದ ತೂಕ ವಿಂಡೋ ಹೊರಗೆ 5, ಒಳಗೆ 10. ಹಾಗಾಗಿ ಹೊರಗಿನ ದಿನಕ್ಕೆ ಕರೆದರೆ ಎರಡನೇ ದರ್ಜೆಯ ತಂಡ ಬರುತ್ತದೆ. 2025ರವರೆಗೆ ಸೆಪ್ಟೆಂಬರ್ ವಿಂಡೋದಲ್ಲಿ ತಂಡಕ್ಕೆ ಎರಡೇ ಪಂದ್ಯ ಇದ್ದವು. ಹಾಗಾಗಿ 2024ರ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ಹೈದರಾಬಾದಿನಲ್ಲಿ ಮೂರೇ ತಂಡ ಆಡಿದವು, ಫೈನಲ್ಲೇ ಇರಲಿಲ್ಲ. 2026ರಿಂದ ಸೆಪ್ಟೆಂಬರ್, ಅಕ್ಟೋಬರ್ ವಿಂಡೋಗಳು ಸೇರಿ 16 ದಿನಗಳ ಒಂದೇ ವಿಂಡೋ ಆಗುತ್ತವೆ, ತಂಡಕ್ಕೆ ನಾಲ್ಕು ಪಂದ್ಯ. ಪ್ರತಿ ತಂಡಕ್ಕೆ ಲೀಗ್‌ನಲ್ಲಿ ಮೂರು, ಆಮೇಲೆ ಫೈನಲ್ ಅಥವಾ ಮೂರನೇ ಸ್ಥಾನದ ಪಂದ್ಯ: ಇಡೀ ಟೂರ್ನಿಗೆ ಒಟ್ಟು ಎಂಟು. ಹೇಳಿ ಮಾಡಿಸಿದ ಹಾಗಿದೆ.

ತೊಡಕು ಮಳೆಯದು. ಬೆಂಗಳೂರಿಗೆ ಸೆಪ್ಟೆಂಬರ್ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ನೀರು ಬಸಿಯಲು ಅಂಗಳದಡಿ ಹಾಕಿದ ಮರಳು, ಜಲ್ಲಿ, ತೂತಿನ ಪೈಪು ಎಲ್ಲ ಸರಿಯಿದ್ದರೂ ಮೇಲಿನ ಎರಡು ಇಂಚು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. ಸಮಾರಂಭದ ವೇದಿಕೆ, ಲಾರಿ, ಕುರ್ಚಿಗಳ ಸಾಲು ಮಾಡುವುದು ಇದನ್ನೇ. ಪರೀಕ್ಷೆ ಸುಲಭ: ಆರಿಂಚು ಅಗಲದ ಪಿವಿಸಿ ಪೈಪಿನ ತುಂಡನ್ನು ಎರಡಿಂಚು ಒಳಗಿಳಿಸಿ, ಒಮ್ಮೆ ನೀರು ಹೊಯ್ದು ನೆನೆಸಿ, ಮತ್ತೆ ತುಂಬಿ ಒಂದು ಗಂಟೆ ನೋಡುವುದು. ಐದಾರು ಇಂಚು ಇಳಿದರೆ ನಿಶ್ಚಿಂತೆ. ಒಂದಿಂಚೂ ಇಳಿಯದಿದ್ದರೆ ಜೋರು ಮಳೆಗೆ ಪಂದ್ಯ ನಿಂತಂತೆಯೇ. ಗೋಲಿನ ಮುಂದೆ, ನಡು ಅಂಗಳದಲ್ಲಿ, ಲೈನ್ಸ್‌ಮನ್ ಓಡಾಡುವ ಅಂಚಿನಲ್ಲಿ ಬೇರೆಬೇರೆಯಾಗಿ ಅಳೆಯಬೇಕು. ಸರಾಸರಿ ತೆಗೆದರೆ ಮೋಸ ಹೋಗುತ್ತೀರಿ.

ಗಟ್ಟಿಯಾದಲ್ಲಿ ಟೊಳ್ಳು ಮೊಳೆಯ ಯಂತ್ರದಿಂದ ಮಣ್ಣಿನ ಕಡ್ಡಿಗಳನ್ನು ಎತ್ತಿ, ಆ ತೂತುಗಳಿಗೆ ತೊಳೆದ ಮರಳು ತುಂಬಿಸಬೇಕು. ಅಗ್ಗವೆಂದು ಎಂ-ಸ್ಯಾಂಡ್ ಸುರಿದರೆ ಅದರ ಪುಡಿಯೇ ರಂಧ್ರ ಮುಚ್ಚುತ್ತದೆ. ಹುಲ್ಲು ಮತ್ತೆ ಕೂಡಿಕೊಳ್ಳಲು ಕೆಲವು ವಾರ ಬೇಕು, ಆದ್ದರಿಂದ ಈ ಕೆಲಸ ಜುಲೈ ಮೊದಲ ವಾರದಲ್ಲೇ ಮುಗಿಯಬೇಕು. ಪಂದ್ಯದ ದಿನ ಗೋಲ್‌ಕೀಪರ್‌ಗಳ ವಾರ್ಮ್‌ಅಪ್‌ಗೆ ಎತ್ತಿಡುವ ಗೋಲನ್ನು ಪಕ್ಕದಲ್ಲಿ ಕೊಡಿ. ಗೋಲಿನ ಬಾಯಿಯ ಹುಲ್ಲು ಉಳಿಯುತ್ತದೆ.

ಅಭ್ಯಾಸಕ್ಕೂ ನೈಸರ್ಗಿಕ ಹುಲ್ಲೇ ಇರಲಿ. ಕೃತಕ ಹುಲ್ಲಿನ ಮೇಲೆ ಅಭ್ಯಾಸ ಮಾಡಿ ಎಂದರೆ ಯಾವ ಕೋಚೂ ಒಪ್ಪುವುದಿಲ್ಲ. ಫ್ಲಡ್‌ಲೈಟ್ ಹಳೆಯ ಮೆಟಲ್ ಹ್ಯಾಲೈಡ್ ಆಗಿದ್ದರೆ ಪಂದ್ಯದುದ್ದಕ್ಕೂ ಜನರೇಟರ್ ಮೇಲೇ ಓಡಿಸಿ. ಕರೆಂಟು ಅರೆಕ್ಷಣ ಹೋದರೂ ಆ ದೀಪಗಳು ಆರಿ, ತಣಿದು, ಮತ್ತೆ ಹೊತ್ತಿಕೊಳ್ಳಲು ಹತ್ತು ನಿಮಿಷದ ಮೇಲೆ ಹಿಡಿಯುತ್ತವೆ.

ಇನ್ನು ವೀಸಾ. 2023ರಲ್ಲಿ ಪಾಕಿಸ್ತಾನದ ಆಟಗಾರರು ಇಲ್ಲಿಗೆ ಬಂದಿಳಿದದ್ದು ಭಾರತದ ವಿರುದ್ಧದ ಪಂದ್ಯದ ದಿನವೇ, 4–0ರಿಂದ ಸೋತರು. ವೀಸಾ ದೆಹಲಿಯ ಕೈಯಲ್ಲಿದೆ, ನಿಜ. ಆದರೆ ರಾಜ್ಯದ ಪತ್ರ, ಪೊಲೀಸ್ ಭದ್ರತೆಯ ಒಪ್ಪಿಗೆ, ಹೋಟೆಲ್ ವಿವರ ಮೂರು ತಿಂಗಳ ಮೊದಲೇ ಅಲ್ಲಿ ತಲುಪಿದ್ದರೆ ವಿಳಂಬಕ್ಕೆ ಒಂದು ಕಾರಣ ಕಡಿಮೆ.

ನಮ್ಮ ಮೊದಲ ಕೋರಿಕೆಗೆ ಹಣ ಬೇಡ, ಆದೇಶ ಸಾಕು. ಟೂರ್ನಿಯ ವರ್ಷ ಜೂನ್ 15ರಿಂದ ಫೈನಲ್‌ವರೆಗೆ ಕಂಠೀರವದ ಹುಲ್ಲಿನ ಮೇಲೆ ಕ್ರೀಡೆಯಲ್ಲದ ಯಾವ ಬುಕಿಂಗೂ ಬೇಡ, ಸರ್ಕಾರಿ ಕಾರ್ಯಕ್ರಮವೂ ಸೇರಿ.

ಇಂತಿ,
ಬೆಂಗಳೂರಿನ ಫುಟ್‌ಬಾಲ್ ಮೈದಾನಗಳ ಕೆಲಸ ಬಲ್ಲವರು