ಅಪ್ಪನ ಮಂಡಿಗೂ ನಮ್ಮ ಹಡಗಿನ ಟಿಕೆಟ್ಟಿಗೂ ಸಂಬಂಧ ಇಲ್ಲ

ರೆಡಿಂಗ್, ಇಂಗ್ಲೆಂಡ್, ಭಾನುವಾರ

ಪ್ರೀತಿಯ ಅಮ್ಮ,

ನಮಸ್ಕಾರ. ನಾವು ಮೂವರೂ ಕ್ಷೇಮ. ನಿನ್ನ ಕಾಗದ ಬುಧವಾರ ಬಂತು. ಫೋನಿನಲ್ಲಿ ಮಾತಾಡುವಾಗ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಂತ ಕಾಗದ ಬರೆದೆಯಲ್ಲ, ಒಳ್ಳೆಯದೇ ಆಯಿತು. ಆದರೆ ಈ ಉತ್ತರವನ್ನು ಮಾತ್ರ ಸಂಜೆ ಕಾಫಿ ಹೊತ್ತಿಗೆ ಅಪ್ಪನ ಎದುರಿಗೇ ಗಟ್ಟಿಯಾಗಿ ಓದು. ಅರ್ಧ ಅವರಿಗೇ ಬರೆದದ್ದು.

ಬಚ್ಚಲ ಮೆಟ್ಟಿಲ ಹತ್ತಿರ ಅಪ್ಪ ಜಾರಿದ್ದನ್ನು ಯಾಕೆ ಮುಚ್ಚಿಟ್ಟಿರಿ? ಯುಗಾದಿ ದಿನ ವಿಡಿಯೋದಲ್ಲಿ ಪೂರ್ತಿ ಹೊತ್ತು ಕುರ್ಚಿ ಬಿಟ್ಟು ಏಳದೇ ಇದ್ದದ್ದು ನೋಡಿ ಸುಮನಿಗೆ ಅವತ್ತೇ ಅನುಮಾನ ಬಂದಿತ್ತು. ಹೋಗಲಿ. ಡಾಕ್ಟರು ಬಲಗಾಲಿನ ಮಂಡಿ ಬದಲಾಯಿಸಲೇಬೇಕು, ಮಳೆಗಾಲದ ಮೊದಲೇ ಮಾಡಿಸಿ ಅಂದರೆ ಅಪ್ಪ ಏನಂದರಂತೆ? 'ಮಗ ಗಾಡಿ ತಗೊಂಡು ಹಡಗಿನಲ್ಲಿ ಫ್ರಾನ್ಸಿಗೆ ಹೋಗ್ತಾನಂತೆ, ಅವನ ಖರ್ಚು ಕಳೀಲಿ, ಬರೋ ವರ್ಷ ನೋಡೋಣ.' ಅಮ್ಮ, ಇದನ್ನು ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಅಪ್ಪನಿಗೆ ಲೆಕ್ಕ ಇಲ್ಲದೆ ಯಾವ ಮಾತೂ ಹಿಡಿಸುವುದಿಲ್ಲ. ಹಾಗಾಗಿ ಲೆಕ್ಕವನ್ನೇ ಬರೆಯುತ್ತೇನೆ.

ಗಾಡಿ ಹೊಸದಲ್ಲ, ಪೂರ್ತಿ ನಮ್ಮದೂ ಅಲ್ಲ. ಹುಬ್ಬಳ್ಳಿ ಮಹೇಶನೂ ನಾನೂ ಪಾಲು ಹಾಕಿ ತೆಗೆದುಕೊಂಡ ಹಳೇ ಫಿಯಾಟ್ ಡುಕಾಟೋ ವ್ಯಾನು. ಹಿಂದೆ ಮಂಚ, ಒಂದು ಒಲೆ, ಸಿಂಕು, ಸಣ್ಣ ಫ್ರಿಡ್ಜು. ಆಗಸ್ಟಿನಲ್ಲಿ ಅವರಿಗೆ, ಜೂನಿನಲ್ಲಿ ನಮಗೆ. 'ಸಂಸಾರ ಕಟ್ಟಿಕೊಂಡು ಅಲೆಮಾರಿಗಳ ಹಾಗೆ ಬೀದಿಯಲ್ಲಿ ಮಲಗ್ತಾರಂತೆ' ಅಂತ ಸೀತತ್ತೆ ಹೇಳುತ್ತಾ ಇದ್ದಾರೆ ಅಂತ ಗೊತ್ತಾಯಿತು. ಇಲ್ಲಿ ರಿಟೈರ್ ಆದ ಮೇಷ್ಟ್ರುಗಳು, ನರ್ಸುಗಳು ಎಲ್ಲ ಇದನ್ನೇ ಮಾಡುತ್ತಾರೆ ಅಂತ ಅವರಿಗೆ ಹೇಳು. ಫ್ರಾನ್ಸಿನಲ್ಲಂತೂ ಊರೂರಿಗೂ ಇಂಥ ಗಾಡಿಗಳಿಗೆ ಅಂತಲೇ ಜಾಗ ಬಿಟ್ಟಿರುತ್ತಾರೆ. 'ಏರ್' ಅನ್ನುತ್ತಾರೆ. ನೀರು ತುಂಬಿಸಿಕೊಳ್ಳಬಹುದು, ಟಾಯ್ಲೆಟ್ ಡಬ್ಬಿ ಖಾಲಿ ಮಾಡಬಹುದು. (ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಅಲ್ವಾ? ಇನ್ನು ಅದರ ಬಗ್ಗೆ ಕೇಳಬೇಡ.) ಕೆಲವು ಕಡೆ ರಾತ್ರಿಗೆ ನಾಲ್ಕಾರು ಯೂರೋ, ಕೆಲವು ಕಡೆ ಪುಕ್ಕಟೆ. ಅಪ್ಪನಿಗೆ ಇಷ್ಟವಾಗುವ ಸಂಗತಿ ಬೇರೆ ಇದೆ. ಅಲ್ಲಿಯ ರೈತರು, ದ್ರಾಕ್ಷಿ ತೋಟದವರು ಸೇರಿ ಫ್ರಾನ್ಸ್ ಪ್ಯಾಶನ್ ಅಂತ ಒಂದು ಕೂಟ ಮಾಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಅವರ ಪುಸ್ತಕ ಕೊಂಡರೆ ಸಾಕು, ಯಾರ ತೋಟದಲ್ಲಾದರೂ 24 ಗಂಟೆ ಗಾಡಿ ನಿಲ್ಲಿಸಬಹುದು, ಬಾಡಿಗೆ ಇಲ್ಲ. ಅವರು ಮಾಡಿದ ಜಾಮೋ ಜೇನೋ ಕೊಳ್ಳಬಹುದು, ಕೊಳ್ಳಲೇಬೇಕು ಅಂತಿಲ್ಲ.

ಈಗ ಹಡಗು. ಇದನ್ನೇ ಅಲ್ವಾ ಗಣಪಣ್ಣ ಲಕ್ಷಗಟ್ಟಲೆ ಆಗುತ್ತೆ ಅಂತ ಹೇಳಿದ್ದು! ಸೇತುವೆ ಆಗುವ ಮೊದಲು ಸಿಗಂದೂರಿಗೆ ಲಾಂಚಿನಲ್ಲಿ ಹೋಗುತ್ತಿದ್ದೆವಲ್ಲ, ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ, ಅದೇ ಲೆಕ್ಕ. ಹಡಗು ದೊಡ್ಡದು, ಅಷ್ಟೇ. ಗಾಡಿಗಳೆಲ್ಲ ಹಡಗಿನ ಹೊಟ್ಟೆಯಲ್ಲಿ ನಿಲ್ಲುತ್ತವೆ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಎಲ್ಲರೂ ಮೇಲೆ ಹೋಗಬೇಕು. ಗಾಡಿಯಲ್ಲೇ ಮಲಗಿರುತ್ತೇನೆ ಅಂದರೆ ಬಿಡುವುದಿಲ್ಲ.

ದರ ಮಾತ್ರ ವಿಚಿತ್ರ. ಬಸ್ ಟಿಕೆಟ್ಟಿನ ಹಾಗೆ ಒಂದೇ ರೇಟು ಅಂತ ಇಲ್ಲ. ಶನಿವಾರ ಬೆಳಗ್ಗೆ ಹೋಗುತ್ತೇನೆ ಅಂದರೆ ಒಂದು, ಮಂಗಳವಾರ ನಡುರಾತ್ರಿ ಅಂದರೆ ಹೆಚ್ಚುಕಮ್ಮಿ ಅದರ ಅರ್ಧ. ಹಡಗು ತುಂಬುತ್ತಾ ಬಂದ ಹಾಗೆ ದರ ಏರುತ್ತಾ ಹೋಗುತ್ತದೆ. ಜುಲೈ ಕೊನೆಯಿಂದ ಇಂಗ್ಲೆಂಡಿನ ಶಾಲೆಗಳಿಗೆಲ್ಲ ರಜೆ, ಆಗ ಮುಟ್ಟುವ ಹಾಗೇ ಇಲ್ಲ. ಪುಟ್ಟಿ ಶಾಲೆಗೆ ಸೇರುವುದು ಸೆಪ್ಟೆಂಬರಿನಲ್ಲಿ. ಸೇರಿದಳು ಅಂದರೆ ನಾವೂ ಆ ರಜೆಗೇ ಕಾಯಬೇಕು. ಅಗ್ಗದಲ್ಲಿ ಹೋಗಿ ಬರಲು ಈ ಜೂನೇ ಕೊನೆ ಅವಕಾಶ. ಈ ವರ್ಷವೇ ಯಾಕೆ ಅಂತ ಕೇಳಿದೆಯಲ್ಲ, ಇದಕ್ಕೇ.

ಇನ್ನೊಂದು, ಗಾಡಿಯ ಉದ್ದ ನೋಡಿ ದುಡ್ಡು. ಎತ್ತರವನ್ನೂ ಕೇಳುತ್ತಾರೆ. ಡುಕಾಟೋದ ಉದ್ದ ಐದು ಮೀಟರು 99 ಸೆಂಟಿಮೀಟರು ಅಂತ ಕಾಗದಪತ್ರದಲ್ಲಿ ಇದೆ. ಆರು ಮೀಟರ್ ದಾಟಿದರೆ ಮುಂದಿನ ದರ. ಹಿಂದುಗಡೆ ಮಹೇಶ ಸೈಕಲ್ ಸ್ಟ್ಯಾಂಡ್ ಹಾಕಿಸಿದ್ದಾನೆ, ಅದೂ ಲೆಕ್ಕಕ್ಕೆ ಬರುತ್ತದಂತೆ. ಅಳೆದು ನೋಡಿದ ದಿನ ಮಳೆ ಹನಿಯುತ್ತಿತ್ತು. ನಾನು ಟೇಪಿನ ಒಂದು ತುದಿ ಮುಂದಿನ ಬಂಪರಿಗೆ ಒತ್ತಿ ಹಿಡಿದುಕೊಂಡೆ, ಸುಮ ರೇನ್‌ಕೋಟ್ ಹಾಕಿಕೊಂಡು ಇನ್ನೊಂದು ತುದಿ ಎಳೆದುಕೊಂಡು ಹಿಂದೆ ಹೋದಳು. ಪುಟ್ಟಿ ನಡುವೆ ಟೇಪು ನೆಲಕ್ಕೆ ಬೀಳದ ಹಾಗೆ ಎತ್ತಿ ಹಿಡಿದಿದ್ದಳು. ಪಕ್ಕದ ಮನೆ ಮುದುಕ ಕಿಟಕಿ ತೆಗೆದು 'ಮಾರುತ್ತಿದ್ದೀರಾ?' ಅಂತ ಕೇಳಿದ. ಸ್ಟ್ಯಾಂಡ್ ಸೇರಿ ಆರೂವರೆ ಮೀಟರ್ ಹತ್ತಿರ ಬಂತು. ಅವತ್ತೇ ಸ್ಪ್ಯಾನರ್ ತಂದು ಬಿಚ್ಚಿ ಹಾಕಿದೆವು. ಪುಟ್ಟಿಯ ಸೈಕಲ್ ಮಂಚದ ಕೆಳಗೆ ಹೋಯಿತು. ಸುಳ್ಳು ಅಳತೆ ಬರೆದು ಬಂದರಿನಲ್ಲಿ ಸಿಕ್ಕಿಬಿದ್ದರೆ ವ್ಯತ್ಯಾಸದ ದುಡ್ಡು ಅಲ್ಲೇ ಕಕ್ಕಬೇಕು.

ದಾರಿ ಯಾವುದು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಎಲ್ಲರೂ ಇಂಗ್ಲೆಂಡಿನ ಡೋವರ್ ಬಂದರಿನಿಂದ ಫ್ರಾನ್ಸಿನ ಕಲೆ (Calais) ಅನ್ನುವ ಬಂದರಿಗೆ ಹೋಗುತ್ತಾರೆ, ಒಂದೂವರೆ ಗಂಟೆ. ಅಲ್ಲಿ ಎರಡು ಮೂರು ಕಂಪನಿಗಳ ಪೈಪೋಟಿ, ಹಾಗಾಗಿ ಟಿಕೆಟ್ ಅಗ್ಗ. ನೋಡಿದ ಕೂಡಲೇ ಇದೇ ಲಾಭ ಅನ್ನಿಸುತ್ತೆ. ಆದರೆ ನಾವು ಹೋಗಬೇಕಾದ್ದು ಫ್ರಾನ್ಸಿನ ನಾರ್ಮಂಡಿ, ಬ್ರಿಟನಿ ಪ್ರಾಂತ್ಯಗಳ ಕಡೆಗೆ. ಕಲೆಯಲ್ಲಿ ಇಳಿದರೆ ನಾರ್ಮಂಡಿಯ ದಿಯೆಪ್ ಊರಿಗೆ ಬರುವಷ್ಟರಲ್ಲಿ ಸುಮಾರು 180 ಕಿಲೋಮೀಟರ್ ಆಗುತ್ತೆ. ಡೀಸೆಲ್ ಒಂದು ಕಡೆ, ಟೋಲ್ ಇನ್ನೊಂದು ಕಡೆ. ಅಲ್ಲಿ ಎರಡು ಮೀಟರ್‌ಗಿಂತ ಎತ್ತರದ ಗಾಡಿಗೆ ಕಾರಿಗಿಂತ ಜಾಸ್ತಿ ಟೋಲ್. ವಾಪಸ್ ಬರುವಾಗ ಮತ್ತೆ ಅಷ್ಟೇ. ಅದರ ಬದಲು ಇಂಗ್ಲೆಂಡಿನ ನ್ಯೂಹೇವನ್ ಅನ್ನುವ ಸಣ್ಣ ಬಂದರಿನಿಂದ ಸೀದಾ ದಿಯೆಪ್‌ಗೇ ಹಡಗು ಇದೆ, ನಾಲ್ಕು ಗಂಟೆ. ಟಿಕೆಟ್ ಸ್ವಲ್ಪ ಜಾಸ್ತಿ, ಒಟ್ಟು ಖರ್ಚು ಕಮ್ಮಿ. ಈ ಹಡಗು ಓಡಿಸುವುದಕ್ಕೆ ಫ್ರಾನ್ಸಿನ ಆ ಜಿಲ್ಲೆಯ ಆಡಳಿತವೇ ದುಡ್ಡು ಹಾಕುತ್ತದೆ. ತಮ್ಮ ಊರಿಗೆ ಜನ ಬರಲಿ ಅಂತ ಸಮುದ್ರದ ಮೇಲೂ ಸಬ್ಸಿಡಿ ಕೊಡುತ್ತಾರೆ, ನೋಡಿ!

'ಸುರಂಗದಲ್ಲಿ ಹೋಗಬಾರದಾ, ನೀರಿನ ಮೇಲೆ ಯಾಕೆ?' ಅಂತ ಕೇಳಿದ್ದೀಯ. ಸುರಂಗವೂ ಸಮುದ್ರದ ಅಡಿಗೇ ಇರುವುದು ಅಮ್ಮ! 1994ರಿಂದ ಇದೆ, 50 ಕಿಲೋಮೀಟರ್ ಉದ್ದ. ಗಾಡಿಯನ್ನು ರೈಲಿನೊಳಗೆ ಹತ್ತಿಸಿ 35 ನಿಮಿಷದಲ್ಲಿ ಆಚೆ ಬಿಡುತ್ತಾರೆ. ನಮ್ಮಂಥ ಎತ್ತರದ ಗಾಡಿಗೆ ನಾವು ನೋಡಿದ ದಿನ ಹಡಗಿಗಿಂತ ದುಬಾರಿ ಇತ್ತು. ಇಳಿಯುವುದೂ ಕಲೆಯ ಹತ್ತಿರವೇ.

ಮಹೇಶ ಇಲ್ಲಿಯ ಒಂದು ಕ್ಯಾರವಾನ್ ಕ್ಲಬ್ಬಿನ ಸದಸ್ಯ, ಅದರಲ್ಲಿ ಹಡಗಿನ ಟಿಕೆಟ್ಟಿಗೆ ಒಂದಿಷ್ಟು ರಿಯಾಯಿತಿ ಸಿಗುತ್ತದೆ. ಹೋಗುವುದಕ್ಕೆ ಮಂಗಳವಾರ ರಾತ್ರಿ, ಬರುವುದಕ್ಕೆ ವಾರದ ನಡುವೆ. ಎಲ್ಲ ಸೇರಿ 240 ಪೌಂಡು. ನಮ್ಮ ದುಡ್ಡಿನಲ್ಲಿ 30,000ದ ಆಸುಪಾಸು. ಗಾಡಿ, ಮೂರು ಜನ, ಹೋಗಿ ಬರುವುದು, ಎಲ್ಲ ಅದರಲ್ಲೇ. ವೀಸಾಕ್ಕೆ ತಲಾ 90 ಯೂರೋ ಬೇರೆ, ಆರು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಪ್ಪ, ಈ ದುಡ್ಡು ಉಳಿಸಿದರೆ ಮಂಡಿಯ ಆಪರೇಷನ್ ಆಗಿಬಿಡುತ್ತಾ? ನೀವೇ ಕೂಡಿಸಿ ಕಳೆದು ನೋಡಿ. ಮಂಡಿಯ ದುಡ್ಡು ಬೇರೆ ಇಟ್ಟಿದ್ದೇನೆ. ಹೋದ ವರ್ಷವೇ ತೆಗೆದಿಟ್ಟದ್ದು, ಶಿವಮೊಗ್ಗದ ಬ್ಯಾಂಕಿನಲ್ಲೇ ಇದೆ, ಸುಮನಿಗೂ ಗೊತ್ತು. ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಟಿಕೆಟ್ ತೆಗೆಯುವಾಗ ಬದಲಾಯಿಸಲು ಆಗದ ಅಗ್ಗದ್ದೂ ಇತ್ತು. ನಾನು ಬೇಕಂತಲೇ ಸ್ವಲ್ಪ ಜಾಸ್ತಿ ಕೊಟ್ಟು ತಾರೀಕು ಬದಲಾಯಿಸಬಹುದಾದದ್ದನ್ನು ತೆಗೆದುಕೊಂಡೆ. ಅಪ್ಪನ ಮಂಡಿ ಯಾವಾಗ ಏನು ಹೇಳುತ್ತೋ ಅಂತ. ಜೂನಿನಲ್ಲಿ ಆಗದಿದ್ದರೆ ಜುಲೈ ಮೊದಲ ವಾರಕ್ಕೆ ಹಾಕಿಕೊಂಡರಾಯಿತು, ಆಗಲೂ ಶಾಲೆ ರಜೆ ಶುರುವಾಗಿರುವುದಿಲ್ಲ. ದರದ ವ್ಯತ್ಯಾಸ ಕೊಟ್ಟರೆ ಮುಗಿಯಿತು. ಹಾಗಾಗಿ 'ಅವನ ಟೂರ್ ಹಾಳಾಗುತ್ತೆ' ಅನ್ನುವ ನೆಪವೂ ನಡೆಯುವುದಿಲ್ಲ.

ಗಣಪಣ್ಣ ತೋರಿಸಿದ ಹಡಗು ಮುಳುಗುವ ವಿಡಿಯೋ ವಿಷಯ. ಅದು 1987ರ ಮಾರ್ಚಿನಲ್ಲಿ ಆದದ್ದು, ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನುವ ಹಡಗು. ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಮುಂಬಾಗಿಲು ಮುಚ್ಚದೇ ಹೊರಟು, ನೀರು ನುಗ್ಗಿ ಮಗುಚಿತು. 193 ಜನ ಹೋದರು. ಸುಳ್ಳಲ್ಲ. ಅದಾದ ಮೇಲೆ ಬಾಗಿಲು ಮುಚ್ಚಿದೆಯೋ ಇಲ್ಲವೋ ಅಂತ ಹಡಗು ನಡೆಸುವವರ ಕೋಣೆಯಲ್ಲೇ ದೀಪ ತೋರಿಸಬೇಕು ಅಂತ ನಿಯಮ ಬಂತು. ದಿನಾ ಸಾವಿರಾರು ಜನ ದಾಟುತ್ತಾರೆ. ಗಣಪಣ್ಣನ ಬೈಕಿನಲ್ಲಿ ಹಿಂದೆ ಕೂತು ಆಗುಂಬೆ ಘಾಟಿ ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು, ಅವನಿಗೂ ಹೇಳು.

ನಿನ್ನ ತುಪ್ಪದ ಗತಿ ಕೇಳು. ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಇಲ್ಲಿಂದ ಅಲ್ಲಿಗೆ ಹಾಲು, ಮೊಸರು, ತುಪ್ಪ, ಮಾಂಸ ಯಾವುದನ್ನೂ ಗಾಡಿಯಲ್ಲಿ ತೆಗೆದುಕೊಂಡು ಹೋಗುವ ಹಾಗಿಲ್ಲ. ಹಸಿ ಕರಿಬೇವೂ ಇಲ್ಲ, ಸೊಪ್ಪುಸದೆಗೆಲ್ಲ ಸರ್ಟಿಫಿಕೇಟ್ ಬೇಕು. ಆದರೆ ಹಣ್ಣುಗಳಲ್ಲಿ ಸರ್ಟಿಫಿಕೇಟ್ ಬೇಡ ಅಂತ ಬಿಟ್ಟಿರುವ ನಾಲ್ಕೈದು ಯಾವುದು ಗೊತ್ತಾ? ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡೂರಿಯನ್. ಹಣ್ಣುಕಾಯಿಗೆ ಅಡ್ಡಿಯಿಲ್ಲ ಅಂತ ಸುಮ ಜೋರಾಗಿ ನಕ್ಕಳು. ಚಟ್ನಿಪುಡಿ, ಅವಲಕ್ಕಿ, ನೀನು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ಜೊತೆ ಬರುತ್ತವೆ. ತುಪ್ಪ ಮನೆಯಲ್ಲೇ ಇರಲಿ, ಬೆಣ್ಣೆಗೆ ನಾರ್ಮಂಡಿಯಲ್ಲಿ ಏನೂ ಬರವಿಲ್ಲ.

ಈಗ ಅಪ್ಪ ಸರಿಯಾಗಿ ಕೇಳಿಸಿಕೊಳ್ಳಲಿ. ಮೇ ಎರಡನೇ ವಾರಕ್ಕೆ ನಾನೊಬ್ಬನೇ ಬರುತ್ತೇನೆ, ರಜೆ ಹಾಕಿಯಾಗಿದೆ. ಡಾಕ್ಟರ ಹತ್ತಿರ ಆ ವಾರಕ್ಕೇ ದಿನ ಗೊತ್ತು ಮಾಡಿಸಿ. ಒಳಗೆ ಕೂರಿಸುವ ಇಂಪ್ಲಾಂಟಿಗೆ 2017ರಲ್ಲೇ ಸರ್ಕಾರ ಬೆಲೆಯ ಮಿತಿ ಹಾಕಿದೆ, ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ. ಯಾವ ಇಂಪ್ಲಾಂಟ್, ಎಷ್ಟು ಅಂತ ಬರೆಸಿಕೊಂಡು ನನಗೆ ಫೋಟೋ ಕಳಿಸಿ. ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಆದರೆ ಆಮೇಲೆ ನೆಲದ ಮೇಲೆ ಕೂರುವುದು, ಕುಕ್ಕರಗಾಲು ಎಲ್ಲ ಬಂದ್. ಹಾಗಾಗಿ ಬಚ್ಚಲಿನ ಆಚೆಯ ಕೋಣೆಯಲ್ಲಿ ಕಮೋಡ್ ಹಾಕಿಸಿ ಬಿಡು ಅಮ್ಮ, ಈ ವಾರವೇ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿಯೂ ಬೇಕು. ಅಪ್ಪ 'ಅದೆಲ್ಲ ಯಾಕೆ' ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಅವರ ಅಂಗಳದ ಪಾಚಿ ನನಗೆ ಗೊತ್ತು. ಜೂನಿನಲ್ಲಿ ಮಳೆ ಹಿಡಿದರೆ ಅಡಿಕೆ ದಬ್ಬೆ ಹಾಕಿದ್ದರೂ ಜಾರುತ್ತೆ. ಎರಡನೇ ಸಲ ಬಿದ್ದರೆ ಮಂಡಿಯ ಜೊತೆ ಸೊಂಟದ ಮೂಳೆಯೂ ಹೋಗುತ್ತೆ. ಹೆದರಿಸಲು ಹೇಳುತ್ತಿಲ್ಲ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರು ಯಾರು ಅನ್ನುತ್ತಾರೆ, ಗೊತ್ತು. ಗಣಪಣ್ಣನ ಹತ್ತಿರ ಮಾತಾಡಿದ್ದೇನೆ, ಬೋರ್ಡೋ ದ್ರಾವಣ ಕಲಸುವುದರಿಂದ ಹಿಡಿದು ಆಳು ನೋಡುವವರೆಗೂ ಅವನೇ ನೋಡಿಕೊಳ್ಳುತ್ತಾನೆ. ಮೈಲುತುತ್ತದ ದುಡ್ಡು ಅವನಿಗೆ ಆಗಲೇ ಹಾಕಿದ್ದೇನೆ. ಈ ವರ್ಷ ಒಂದು ಮಳೆಗಾಲ ಅಪ್ಪ ಜಗಲಿಯಲ್ಲಿ ಕೂತು ಬೈದರೆ ಸಾಕು, ತೋಟಕ್ಕೆ ಇಳಿಯುವುದು ಬೇಡ.

ನಮ್ಮ ಬಗ್ಗೆ ಏನೇನೂ ಚಿಂತೆ ಮಾಡಬೇಡಿ. ಗಾಡಿಯ ಬ್ರೇಕು, ಟೈರು ಎಲ್ಲ ತೋರಿಸಿಯಾಗಿದೆ. ಇನ್ಶೂರೆನ್ಸ್ ಇದೆ. ಗಾಡಿ ಕೆಟ್ಟರೆ ಎತ್ತಿಕೊಂಡು ಬರುವವರೂ ಇದ್ದಾರೆ. ಗಾಡಿ ಕೆಟ್ಟರೆ ರಸ್ತೆಯಲ್ಲಿ ಇಡುವ ಎಚ್ಚರಿಕೆಯ ತ್ರಿಕೋನ, ಹಳದಿ ಜಾಕೆಟ್ ತಂದಿಟ್ಟಿದ್ದೇನೆ, ಅಲ್ಲಿ ಕಡ್ಡಾಯ. ರಸ್ತೆಯ ಬಲಗಡೆ ಓಡಿಸಬೇಕು, ಅದನ್ನು ಮಹೇಶ ಕಲಿಸಿದ್ದಾನೆ. ಪುಟ್ಟಿಗೆ ಸ್ವೆಟರ್ ಇದೆ. ಹೊಟ್ಟೆ ತೊಳಸಿದರೆ ಅಂತ ಸುಮ ಶುಂಠಿ ಮಿಠಾಯಿ ಮಾಡಿಟ್ಟಿದ್ದಾಳೆ. ಎಲ್ಲ ಸರಿಯಾಗಿದೆ, ಎಲ್ಲವೂ.

ಡಾಕ್ಟರು ಕೊಟ್ಟ ತಾರೀಕು ನಾಳೆಯೇ ಫೋನ್ ಮಾಡಿ ಹೇಳು, ವಿಮಾನದ ಟಿಕೆಟ್ ತೆಗೆಯಬೇಕು, ಅದೂ ದಿನ ಕಳೆದ ಹಾಗೆ ಏರುತ್ತೆ. ಸೀತತ್ತೆಗೆ ನಮಸ್ಕಾರ. ಪುಟ್ಟಿ ಟೇಪು ಹಿಡಿದುಕೊಂಡು ಸೋಫಾ ಅಳೆಯುತ್ತಿದ್ದಾಳೆ, ಅನ್ನಕ್ಕೆ ಕರೆಯುತ್ತಿದ್ದಾರೆ, ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ
ಶ್ರೀಕಾಂತ

ಕಮೋಡ್ ಮರೆಯಬೇಡ.